ಹೊಸ ಕಾಂಕ್ರೀಟ್ ಒಕ್ಕಣೆ ಕಣದಲ್ಲಿ ಕಳಪೆ ಕಾಮಗಾರಿ: ಗುರುತಿಸುವಿಕೆ, ದುರಸ್ತಿ ಹಾಗೂ ಪರಿಹಾರ

ಕೊಯ್ಲಿನ ಸಮಯದಲ್ಲಿ ಮೆಕ್ಕೆಜೋಳದ ಕಾಳಿನಲ್ಲಿ ಸಾಮಾನ್ಯವಾಗಿ ಶೇ. 20ಕ್ಕಿಂತ ಹೆಚ್ಚು ತೇವಾಂಶವಿರುತ್ತದೆ. ಸುರಕ್ಷಿತ ದಾಸ್ತಾನಿಗೆ ಇದು ಶೇ. 12ರ ಆಸುಪಾಸಿಗೆ ಇಳಿಯಬೇಕು. ಈ ಒಣಗಿಸುವಿಕೆಗೆ ಸ್ವಂತ ಕಣವಿಲ್ಲದ ರೈತರು ಡಾಂಬರು ರಸ್ತೆಯನ್ನು ಆಶ್ರಯಿಸುವುದನ್ನು ನಾವು ದಾವಣಗೆರೆ, ಹಾವೇರಿ ಭಾಗಗಳಲ್ಲಿ ಪ್ರತಿ ವರ್ಷ ಕಾಣುತ್ತೇವೆ. ಅದರ ಅಪಾಯವನ್ನು ವಿವರಿಸುವ ಅಗತ್ಯವಿಲ್ಲ. ಆದ್ದರಿಂದಲೇ ಅನೇಕ ರೈತರು ಸಾಲ ಮಾಡಿಯಾದರೂ ಮನೆಯ ಬಳಿ ಅಥವಾ ಹೊಲದಲ್ಲಿ ಕಾಂಕ್ರೀಟ್ ಕಣ ಹಾಕಿಸುತ್ತಿದ್ದಾರೆ. ಮಲೆನಾಡಿನಲ್ಲಿ ಕಾಫಿ, ಅಡಿಕೆ, ಕಾಳುಮೆಣಸಿಗೂ ಇದೇ ಅಂಗಳ ಬೇಕು.

ಆದರೆ ಹಾಕಿಸಿದ ಮೊದಲ ವರ್ಷವೇ ಮೇಲ್ಮೈ ಪುಡಿಯಾಗುವುದು, ನಡುವೆ ನೀರು ನಿಲ್ಲುವುದು, ಬಿರುಕು ಬಿಡುವುದು ಅಪರೂಪವಲ್ಲ. ಕೃಷಿ ವಿಜ್ಞಾನಿಗೆ ಗಾರೆ ಕೆಲಸದ ಗೊಡವೆ ಏಕೆ ಎಂದು ಕೇಳಬಹುದು. ಕಣದ ದೋಷ ಕೊನೆಗೆ ಬೆಳೆಯ ದೋಷವಾಗಿಯೇ ಮಾರುಕಟ್ಟೆಗೆ ಹೋಗುತ್ತದೆ ಎಂಬುದೇ ಉತ್ತರ. ನೀರು ನಿಲ್ಲುವ ತಗ್ಗಿನಲ್ಲಿ ಹರಡಿದ ಕಾಳು ಮರಳಿ ತೇವಗೊಂಡು ಬೂಷ್ಟು ಹಿಡಿಯುತ್ತದೆ. ಮೆಕ್ಕೆಜೋಳ ಮತ್ತು ಶೇಂಗಾದಲ್ಲಿ ಈ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷವಸ್ತು ಉತ್ಪತ್ತಿಯಾಗುವ ಸಂಭವವಿದೆ. ಪುಡಿಯಾಗುವ ಕಣದಿಂದ ಸಿಮೆಂಟ್ ಧೂಳು, ಮರಳು ರಾಗಿಯೊಂದಿಗೆ ಬೆರೆತರೆ ಅದನ್ನು ಬೇರ್ಪಡಿಸುವುದು ಬಲು ಕಷ್ಟ. ಅಗಲವಾದ ಬಿರುಕಿನಲ್ಲಿ ಸಿಕ್ಕಿಕೊಂಡ ಹಳೆಯ ಕಾಳು ದಾಸ್ತಾನು ಕೀಟಗಳಿಗೆ ಆಶ್ರಯವಾಗುತ್ತದೆ. ಬೀಜೋತ್ಪಾದನೆ ಕೈಗೊಂಡ ರೈತರಿಗಂತೂ ಹಿಂದಿನ ತಳಿಯ ನಾಲ್ಕು ಕಾಳು ಬಿರುಕಿನಿಂದ ಎದ್ದು ಬೆರೆತರೂ ತಳಿ ಶುದ್ಧತೆಗೆ ಧಕ್ಕೆ ತಪ್ಪಿದ್ದಲ್ಲ.

ಕಣ ಹೇಗಿರಬೇಕಿತ್ತು ಎಂಬುದನ್ನು ಮೊದಲು ತಿಳಿಯಿರಿ

ಕಳಪೆ ಎಂದು ವಾದಿಸಬೇಕಾದರೆ ಉತ್ತಮ ಎಂದರೆ ಏನೆಂಬುದು ತಿಳಿದಿರಬೇಕು. ಕಾಳು ಒಣಗಿಸುವ, ಖಾಲಿ ಟ್ರ್ಯಾಕ್ಟರ್ ಅಥವಾ ಒಕ್ಕಣೆ ಯಂತ್ರ ನಿಲ್ಲುವ ಕಣಕ್ಕೆ ಚೆನ್ನಾಗಿ ದಮ್ಮಸು ಮಾಡಿದ ಮೊರಂ ಪದರದ ಮೇಲೆ 100 ಮಿ.ಮೀ. ದಪ್ಪದ ಎಂ-20 ದರ್ಜೆಯ ಕಾಂಕ್ರೀಟ್ ಸೂಕ್ತ. ತುಂಬಿದ ಟ್ರೇಲರ್ ಓಡಾಡುವುದಾದರೆ 150 ಮಿ.ಮೀ. ಬೇಕಾಗುತ್ತದೆ. ಎಂ-20 ಎಂದರೆ ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು ಅಥವಾ ಎಂ-ಸ್ಯಾಂಡ್, ಮೂರು ಪಾಲು ಜಲ್ಲಿ. ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ ಈ ಮಿಶ್ರಣಕ್ಕೆ 50 ಕೆ.ಜಿ. ಸಿಮೆಂಟ್ ಚೀಲವೊಂದಕ್ಕೆ ಹೆಚ್ಚೆಂದರೆ 30 ಲೀಟರ್ ನೀರು ಬಳಸಬಹುದು. ಒದ್ದೆ ಮರಳಿನಲ್ಲಿರುವ ನೀರೂ ಈ ಲೆಕ್ಕದೊಳಗೇ ಬರುತ್ತದೆ. ಕೆಲಸಗಾರರು ಎಳೆಯಲು ಸುಲಭವಾಗಲೆಂದು ಸುರಿಯುವ ಹೆಚ್ಚುವರಿ ಒಂದೆರಡು ಬಕೆಟ್ ನೀರೇ ಮುಂದಿನ ಬಹುಪಾಲು ದೋಷಗಳ ಮೂಲ. ಹೆಚ್ಚುವರಿ ನೀರು ಆವಿಯಾದ ಮೇಲೆ ಅದು ತುಂಬಿದ್ದ ಜಾಗ ಸೂಕ್ಷ್ಮ ರಂಧ್ರಗಳಾಗಿ ಉಳಿಯುತ್ತದೆ. ಕಾಂಕ್ರೀಟ್ ಹೆಚ್ಚು ಕುಗ್ಗುತ್ತದೆ, ಶಕ್ತಿಯೂ ಕುಂದುತ್ತದೆ.

ಇಳಿಜಾರು 10 ಅಡಿಗೆ ಸುಮಾರು ಒಂದು ಇಂಚಿನಂತೆ ಇರಬೇಕು, ಮತ್ತು ಅದು ಮನೆ ಅಥವಾ ಉಗ್ರಾಣದಿಂದ ಹೊರಮುಖವಾಗಿರಬೇಕು. 100 ಮಿ.ಮೀ. ದಪ್ಪದ ಕಣವನ್ನು 8ರಿಂದ 10 ಅಡಿಗೊಂದರಂತೆ ಅಂಕಣಗಳಾಗಿ ವಿಂಗಡಿಸಿ ಸಂದು ಬಿಡಬೇಕು. ಸಂದನ್ನು ಕೊರೆಯುವುದಾದರೆ ಅದರ ಆಳ ದಪ್ಪದ ನಾಲ್ಕನೇ ಒಂದು ಭಾಗ, ಅಂದರೆ ಒಂದು ಇಂಚು ಇರಬೇಕು. ಕಾಂಕ್ರೀಟ್ ಕುಗ್ಗುವುದು ಅದರ ಸ್ವಭಾವ, ಅದನ್ನು ತಡೆಯಲಾಗದು. ಸಂದು ಕೊಟ್ಟರೆ ಆ ಗೆರೆಯಲ್ಲಿ ಬಿರಿಯುತ್ತದೆ, ಕೊಡದಿದ್ದರೆ ತನಗೆ ತೋಚಿದಲ್ಲಿ ಬಿರಿಯುತ್ತದೆ. 40 ಅಡಿ ಉದ್ದದ ಕಣವನ್ನು ಒಂದೂ ಸಂದಿಲ್ಲದೆ ಹಾಕಿಕೊಟ್ಟು “ಬಿರುಕು ಬಿಸಿಲಿನಿಂದ ಬಂದಿದ್ದು” ಎನ್ನುವ ವಿವರಣೆಯನ್ನು ಒಪ್ಪಬೇಕಾಗಿಲ್ಲ.

ಖಾಲಿ ಚೀಲಗಳ ಲೆಕ್ಕ

ರೈತರ ಕೈಯಲ್ಲಿರುವ ಅತ್ಯಂತ ಸರಳ ಸಾಕ್ಷ್ಯವೆಂದರೆ ಖಾಲಿ ಸಿಮೆಂಟ್ ಚೀಲಗಳು. ಒಂದು ಘನ ಮೀಟರ್ ಎಂ-20 ಕಾಂಕ್ರೀಟ್‌ಗೆ ಸುಮಾರು 8 ಚೀಲ ಸಿಮೆಂಟ್ ಬೇಕು. 12 ಮೀಟರ್ ಉದ್ದ, 9 ಮೀಟರ್ ಅಗಲದ ಕಣ (ಸುಮಾರು 40 ಅಡಿ x 30 ಅಡಿ) 108 ಚದರ ಮೀಟರ್ ಆಗುತ್ತದೆ. 100 ಮಿ.ಮೀ. ದಪ್ಪಕ್ಕೆ 10.8 ಘನ ಮೀಟರ್ ಕಾಂಕ್ರೀಟ್, ಅಂದರೆ ಸುಮಾರು 86 ಚೀಲ. ಅದೇ ಕಣಕ್ಕೆ 1:2:4ರ ಮಿಶ್ರಣವಾದರೆ ಘನ ಮೀಟರಿಗೆ ಆರೂಕಾಲು ಚೀಲದಂತೆ 68 ಚೀಲ ಸಾಕಾಗುತ್ತದೆ. ದಪ್ಪವನ್ನು 75 ಮಿ.ಮೀ.ಗೆ ಇಳಿಸಿದರೆ ಎಂ-20ಗೂ 65 ಚೀಲವೇ ಸಾಕು. ಹೀಗಾಗಿ 86 ಚೀಲದ ಹಣ ಪಡೆದು ಸ್ಥಳದಲ್ಲಿ 60–65 ಖಾಲಿ ಚೀಲಗಳಷ್ಟೇ ಉಳಿದಿದ್ದರೆ ಮಿಶ್ರಣ ಅಥವಾ ದಪ್ಪ, ಎರಡರಲ್ಲೊಂದು ಕಡಿಮೆಯಾಗಿದೆ ಎಂದು ತಿಳಿಯಬೇಕು. ಕೆಲಸ ಮುಗಿದ ಸಂಜೆ ಖಾಲಿ ಚೀಲಗಳನ್ನು ಎಣಿಸಿ, ಚೀಲದ ಮೇಲಿನ ತಯಾರಿಕಾ ವಾರ ಮತ್ತು ವರ್ಷ ಕಾಣುವಂತೆ ಚಿತ್ರ ತೆಗೆದಿಡಿ. ಮೂರು ತಿಂಗಳಿಗಿಂತ ಹಳೆಯ ಸಿಮೆಂಟನ್ನು ಪರೀಕ್ಷಿಸದೆ ಬಳಸಕೂಡದು.

ಇದನ್ನು ಪುಸ್ತಕ ನೋಡಿ ಹೇಳುತ್ತಿಲ್ಲ. ನಮ್ಮ ಊರಿನ ಮನೆಯ ಹಿಂದಿನ ಕಣಕ್ಕೆ ಕಾಂಕ್ರೀಟ್ ಹಾಕಿದ ದಿನ ನಾನು ರೈತರಿಗೆ ಕೊಯ್ಲೋತ್ತರ ತಾಂತ್ರಿಕತೆಯ ತರಬೇತಿ ನೀಡಲು ಬೇರೆ ಊರಿನಲ್ಲಿದ್ದೆ. ಚೀಲಗಳನ್ನು ಯಾರೂ ಎಣಿಸಲಿಲ್ಲ, ಮರುದಿನ ಅವನ್ನು ಗುಜರಿಗೆ ಹಾಕಲಾಯಿತು. ಆ ವರ್ಷದ ರಾಗಿಯನ್ನು ಮೂರು ಬಾರಿ ತೊಳೆದರೂ ಹಿಟ್ಟಿನಲ್ಲಿ ಕರಕರ ಹೋಗಲಿಲ್ಲ. ಗುತ್ತಿಗೆ ಹಿಡಿದವರ ಬಳಿ ಹೋದಾಗ ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ದೋಷಗಳನ್ನು ಗುರುತಿಸುವ ಬಗೆ

ಎಲ್ಲ ಬಿರುಕೂ ಒಂದೇ ಅಲ್ಲ. ಕಾಂಕ್ರೀಟ್ ಹಾಕಿದ ಕೆಲವೇ ಗಂಟೆಗಳಲ್ಲಿ, ಒಂದಕ್ಕೊಂದು ಸಮಾನಾಂತರವಾಗಿ, ಅಂಚಿನವರೆಗೆ ತಲುಪದ ಗಿಡ್ಡ ಬಿರುಕುಗಳು ಕಂಡರೆ ಅವು ಬಿಸಿಲು ಮತ್ತು ಒಣಗಾಳಿಗೆ ಮೇಲ್ಮೈ ಬೇಗ ಒಣಗಿದ ಪರಿಣಾಮ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬಯಲುಸೀಮೆಯಲ್ಲಿ ಮಧ್ಯಾಹ್ನದ ಹೊತ್ತು ಕಾಂಕ್ರೀಟ್ ಹಾಕಿದರೆ ಇವು ಬರುವ ಸಾಧ್ಯತೆ ಹೆಚ್ಚು. ಕಾಂಕ್ರೀಟ್ ಇನ್ನೂ ಮೆತ್ತಗಿರುವಾಗಲೇ ಗಮನಿಸಿದರೆ ಕರಣೆಯಿಂದ ಒತ್ತಿ ತೀಡಿ ಮುಚ್ಚಿಸಬಹುದು. ಗಟ್ಟಿಯಾದ ಮೇಲೆ ಆ ಅವಕಾಶವಿಲ್ಲ.

ಒಣಗಿದ ಕೆರೆಯ ತಳದಂತೆ ಇಡೀ ಮೇಲ್ಮೈಯಲ್ಲಿ ಕೂದಲೆಳೆಯ ಬಲೆ ಹರಡಿದ್ದರೆ ಅದು ನೋಟಕ್ಕೆ ಭಯ ಹುಟ್ಟಿಸಿದರೂ ಸಾಮಾನ್ಯವಾಗಿ ಮೇಲ್ಪದರಕ್ಕೆ ಸೀಮಿತ. ಇದಕ್ಕಾಗಿ ಜಗಳವಾಡುವುದು ವ್ಯರ್ಥ. ಬಣ್ಣದಲ್ಲಿ ಅಲ್ಲಲ್ಲಿ ವ್ಯತ್ಯಾಸವಿರುವುದೂ ಹಾಗೆಯೇ. ಕಣವನ್ನು ಅಡ್ಡಲಾಗಿ ಸೀಳಿಕೊಂಡು ಅಂಚಿನಿಂದ ಅಂಚಿಗೆ ಹೋಗುವ ಬಿರುಕು ಮಾತ್ರ ಸಂದು ಬಿಡದಿರುವುದನ್ನು ಅಥವಾ ತಡವಾಗಿ ಕೊರೆದಿರುವುದನ್ನು ಸೂಚಿಸುತ್ತದೆ. ಅದರ ಅಗಲವನ್ನು ಅಳೆಯಲು ಉಪಕರಣ ಬೇಕಿಲ್ಲ. ಸಾಮಾನ್ಯ ಬರೆಯುವ ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಇರುತ್ತದೆ. ಮೂರು ಹಾಳೆಗಳನ್ನು ಒಟ್ಟಿಗೆ ಹಿಡಿದು ತೂರಿಸಿದಾಗ ಒಳಗೆ ಇಳಿದರೆ ಬಿರುಕು 0.3 ಮಿ.ಮೀ.ಗಿಂತ ಅಗಲವಿದೆ, ತುಂಬಿಸಲೇಬೇಕು.

ಬಿರುಕಿನ ಒಂದು ಬದಿ ಇನ್ನೊಂದಕ್ಕಿಂತ ಕೆಳಗೆ ಕುಸಿದಿದ್ದರೆ ಸಮಸ್ಯೆ ಕಾಂಕ್ರೀಟಿನದಲ್ಲ, ಅದರ ಅಡಿಯ ನೆಲದ್ದು. ಧಾರವಾಡ, ವಿಜಯಪುರ, ರಾಯಚೂರು ಮುಂತಾದ ಜಿಲ್ಲೆಗಳ ಎರೆಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದನ್ನು ತಾವೆಲ್ಲ ಬಲ್ಲಿರಿ. ಅಂಥ ಮಣ್ಣಿನ ಮೇಲೆ ನೇರವಾಗಿ ಹಾಕಿದ ಕಣ ಒಂದೆರಡು ಮಳೆಗಾಲಕ್ಕಿಂತ ಹೆಚ್ಚು ಬಾಳುವುದಿಲ್ಲ. ಮೇಲಿನ ಎರೆಮಣ್ಣನ್ನು ತೆಗೆದು ಮೊರಂ ತುಂಬಿ ಪದರ ಪದರವಾಗಿ ದಮ್ಮಸು ಮಾಡದೆ ಹೊಸ ಕಾಂಕ್ರೀಟ್ ಸುರಿದರೂ ಅದೇ ಗತಿ.

ಪುಡಿಯಾಗುವಿಕೆಯನ್ನು ಪರೀಕ್ಷಿಸಲು, 28 ದಿನಗಳ ನಂತರ ಕಣವನ್ನು ತೊಳೆದು ಒಣಗಿಸಿ ಅಂಗೈಯಿಂದ ಬಲವಾಗಿ ಉಜ್ಜಿ. ಕೈಗೆ ಬಿಳಿ ಧೂಳು ಮತ್ತೆ ಮತ್ತೆ ಹತ್ತಿದರೆ, ಕಬ್ಬಿಣದ ಮೊಳೆಯಿಂದ ಗೀಚಿದಾಗ ಸುಲಭವಾಗಿ ಗಾಡಿ ಬಿದ್ದು ಮರಳು ಕಿತ್ತುಬಂದರೆ ಮೇಲ್ಪದರ ದುರ್ಬಲವಾಗಿದೆ. ಇದರ ಕಾರಣ ಬಹುತೇಕ ಒಂದೇ: ಮೇಲೆ ನೀರು ತೇಲುತ್ತಿರುವಾಗಲೇ, ಆ ನೀರನ್ನು ಹೀರಿಸಲು ಒಣ ಸಿಮೆಂಟ್ ಪುಡಿ ಉದುರಿಸಿ ಕರಣೆಯಿಂದ ನುಣುಪು ಮಾಡಿರುತ್ತಾರೆ. ನಮ್ಮಲ್ಲಿ ಇದನ್ನು ಒಳ್ಳೆಯ ಕೆಲಸದ ಗುರುತೆಂದೇ ಭಾವಿಸಲಾಗಿದೆ. ಅಂದು ಸಂಜೆ ಕನ್ನಡಿಯಂತೆ ಹೊಳೆಯುವ ಕಣ ಆರು ತಿಂಗಳಲ್ಲಿ ಚಕ್ಕೆ ಏಳುತ್ತದೆ. ಹಾಕಿದ ಕೆಲ ಗಂಟೆಗಳಲ್ಲಿ ಮಳೆ ಬಿದ್ದಿದ್ದರೂ, ನೀರುಣಿಸದೆ ಬಿಟ್ಟಿದ್ದರೂ ಇದೇ ಲಕ್ಷಣ ಕಾಣಿಸುತ್ತದೆ.

ಕಬ್ಬಿಣದ ಸರಪಳಿಯೊಂದನ್ನು ಕಣದ ಮೇಲೆ ಎಳೆಯುತ್ತಾ ಹೋಗಿ, ಅಥವಾ ಸಣ್ಣ ಸುತ್ತಿಗೆಯಿಂದ ಅಡಿಗೊಂದು ಬಾರಿ ತಟ್ಟಿ. ಟಣ್ ಎನ್ನುವ ಕಡೆ ಗಟ್ಟಿ. ಮಡಕೆ ತಟ್ಟಿದಂತೆ ಪೊಳ್ಳು ಸದ್ದು ಬಂದ ಕಡೆ ಮೇಲ್ಪದರ ಬಿಟ್ಟಿದೆ ಅಥವಾ ಅಡಿಯ ಮಣ್ಣು ಕುಸಿದು ಟೊಳ್ಳಾಗಿದೆ. ಅಂಥ ಜಾಗಗಳನ್ನು ಸುಣ್ಣದಿಂದ ಸುತ್ತುಹಾಕಿ ಗುರುತಿಸಿ.

ಮಟ್ಟದ ಪರೀಕ್ಷೆಗೆ ನೀರಿಗಿಂತ ಉತ್ತಮ ಸಾಧನವಿಲ್ಲ. ಇಡೀ ಕಣಕ್ಕೆ ಪೈಪಿನಿಂದ ನೀರು ಬಿಟ್ಟು ಒಂದು ಗಂಟೆ ಕಾಯಿರಿ. ನಂತರವೂ ಒಂದು ರೂಪಾಯಿಯ ನಾಣ್ಯ ಮುಳುಗುವಷ್ಟು ನೀರು ಎಲ್ಲೆಲ್ಲಿ ನಿಂತಿದೆಯೋ ಅಲ್ಲೆಲ್ಲ ಕಾಳು ಕೆಡುತ್ತದೆ. ದಪ್ಪವನ್ನು ಅಂಚಿನಲ್ಲಿ ಅಳೆದು ತೃಪ್ತರಾಗಬೇಡಿ. ಅಂಚಿನಲ್ಲಿ ಹಲಗೆ ಕಟ್ಟಿರುವುದರಿಂದ ಅಲ್ಲಿ ದಪ್ಪ ಸರಿಯಾಗಿಯೇ ಇರುತ್ತದೆ, ಕಡಿಮೆಯಾಗುವುದು ನಡುವೆ. ಡ್ರಿಲ್ ಯಂತ್ರದಿಂದ ನಡುಭಾಗದಲ್ಲಿ ಮೂರು ನಾಲ್ಕು ಕಡೆ ಸಣ್ಣ ರಂಧ್ರ ಕೊರೆದು, ತುದಿ ಬಾಗಿಸಿದ ತಂತಿ ಇಳಿಬಿಟ್ಟು ಅಳೆಯಬಹುದು.

ಶಕ್ತಿಯ ಬಗ್ಗೆ ತೀವ್ರ ಅನುಮಾನವಿದ್ದರೆ ಮಾತ್ರ ಪ್ರಯೋಗಾಲಯಕ್ಕೆ ಹೋಗಿ. ಕಾಂಕ್ರೀಟ್ ಹಾಕುವಾಗ 150 ಮಿ.ಮೀ. ಅಳತೆಯ ಘನಗಳನ್ನು ಮಾಡಿಸಿದ್ದರೆ 28ನೇ ದಿನದ ಪರೀಕ್ಷೆ ಸಾಕು. ಮಾಡಿಸದಿದ್ದಲ್ಲಿ ಕಣದಿಂದಲೇ ಸಿಲಿಂಡರಿನಾಕಾರದ ತುಂಡುಗಳನ್ನು ಕೊರೆದು ತೆಗೆದು ಪರೀಕ್ಷಿಸಬೇಕಾಗುತ್ತದೆ. ಐಎಸ್ 456ರ ಪ್ರಕಾರ ಕನಿಷ್ಠ ಮೂರು ತುಂಡು ತೆಗೆಯಬೇಕು. ಅವುಗಳ ಸರಾಸರಿ ಶಕ್ತಿ ನಿಗದಿತ ದರ್ಜೆಯ ಶೇ. 85ಕ್ಕಿಂತ ಕಡಿಮೆಯಿರಬಾರದು, ಯಾವೊಂದು ತುಂಡೂ ಶೇ. 75ಕ್ಕಿಂತ ಕೆಳಗಿಳಿಯಬಾರದು. ಸಮೀಪದ ಎಂಜಿನಿಯರಿಂಗ್ ಕಾಲೇಜು ಅಥವಾ ಪಾಲಿಟೆಕ್ನಿಕ್‌ನ ಸಿವಿಲ್ ವಿಭಾಗದಲ್ಲಿ ಶುಲ್ಕದ ಮೇಲೆ ಪರೀಕ್ಷಾ ಸೌಲಭ್ಯವಿದೆಯೇ ವಿಚಾರಿಸಿ. ಚಿಕ್ಕ ಕಣಕ್ಕೆ ಪರೀಕ್ಷೆಯ ವೆಚ್ಚವೇ ಭಾರವಾಗಬಹುದು, ಆದ್ದರಿಂದ ಮೇಲೆ ಹೇಳಿದ ಸರಳ ಪರೀಕ್ಷೆಗಳನ್ನು ಮೊದಲು ಮುಗಿಸುವುದು ಲೇಸು.

ಕಾಂಕ್ರೀಟ್ ಇನ್ನೂ ಎಳೆಯದಿದ್ದರೆ

ಕೆಲಸ ಮುಗಿದು ಎರಡು ಮೂರು ದಿನಗಳಷ್ಟೇ ಆಗಿದ್ದಲ್ಲಿ ಮೊದಲು ನೀರುಣಿಸಿ, ನಂತರ ವಾದಿಸಿ. ಇಂದು ಮಾರುಕಟ್ಟೆಯಲ್ಲಿ ದೊರೆಯುವ ಸಿಮೆಂಟ್ ಬಹುಪಾಲು ಪಿಪಿಸಿ. ಇದಕ್ಕೆ ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ ಸತತ ತೇವ ಬೇಕು. ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ ನಡುವೆ ಕಾಯಲು ಬಿಡುವುದು ನೀರುಣಿಸುವಿಕೆ ಅಲ್ಲ. ಕಣಕ್ಕೆ ಇಳಿಜಾರು ಇರುವುದರಿಂದ ಒಂದೇ ಬದು ಕಟ್ಟಿದರೆ ಮೇಲಿನ ಭಾಗ ಒಣಗೇ ಉಳಿಯುತ್ತದೆ. ಗದ್ದೆಯ ಮಡಿಗಳಂತೆ ಮಣ್ಣಿನ ಸಣ್ಣ ಬದುಗಳಿಂದ ವಿಂಗಡಿಸಿ ನೀರು ನಿಲ್ಲಿಸಿ, ಇಲ್ಲವೇ ಒದ್ದೆ ಗೋಣಿಚೀಲ ಅಥವಾ ಭತ್ತದ ಹುಲ್ಲು ಹೊದಿಸಿ. ಟ್ರ್ಯಾಕ್ಟರನ್ನು 28 ದಿನ ಹತ್ತಿಸಕೂಡದು. ಈ ಅವಧಿಯಲ್ಲಿ ರೈತರೇ ಟ್ರ್ಯಾಕ್ಟರ್ ನಿಲ್ಲಿಸಿದರೆ ಮುಂದೆ ಎಲ್ಲ ದೋಷವನ್ನೂ ಅದರ ಮೇಲೆಯೇ ಹೊರಿಸಲಾಗುತ್ತದೆ.

ಮೇಸ್ತ್ರಿಯೊಂದಿಗೆ ಮಾತುಕತೆ

ಹಳ್ಳಿಯಲ್ಲಿ ಗಾರೆ ಮೇಸ್ತ್ರಿಯೂ ನಮ್ಮ ನಡುವಿನವರೇ. ನಾಳೆ ಮನೆ ರಿಪೇರಿಗೂ ಅವರೇ ಬರಬೇಕು. ಆದ್ದರಿಂದ ಕೂಗಾಟಕ್ಕಿಂತ ಅಳತೆಗಳನ್ನು ಮುಂದಿಟ್ಟು ಮಾತನಾಡುವುದು ಫಲಕಾರಿ. ನೀರು ಬಿಡುವ ಪರೀಕ್ಷೆಯನ್ನು ಅವರ ಎದುರಿಗೇ ಮಾಡಿ. ನೀರು ನಿಂತದ್ದನ್ನು ಕಣ್ಣಾರೆ ಕಂಡವರು ಅಲ್ಲಗಳೆಯುವುದು ಕಡಿಮೆ. ತಪ್ಪು ಯಾರದೆಂಬುದನ್ನೂ ಪ್ರಾಮಾಣಿಕವಾಗಿ ಯೋಚಿಸಿ. ಮೊರಂ ಬೇಡವೆಂದು ಖರ್ಚು ಉಳಿಸಿದ್ದು ಮಾಲೀಕರೇ ಆಗಿದ್ದರೆ, ಅಥವಾ ನೀರುಣಿಸುವ ಹೊಣೆ ಮನೆಯವರದಾಗಿದ್ದರೆ, ಪೂರ್ಣ ಭಾರವನ್ನು ಮೇಸ್ತ್ರಿಯ ಮೇಲೆ ಹಾಕುವುದು ನ್ಯಾಯವಲ್ಲ.

ಕೊನೆಯ ಕಂತು ಇನ್ನೂ ಕೊಟ್ಟಿಲ್ಲವಾದರೆ ದೋಷಗಳನ್ನು ಪಟ್ಟಿ ಮಾಡಿ, ದಿನಾಂಕ ಹಾಕಿ, ಎಷ್ಟು ದಿನದೊಳಗೆ ಏನನ್ನು ಸರಿಪಡಿಸಬೇಕೆಂದು ಬರೆದುಕೊಡಿ. ಬರೆದದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೂ ದಾಖಲೆಯಾಗಿ ಉಳಿಯುತ್ತದೆ. ಇಡೀ ಹಣ ತಡೆಹಿಡಿಯುವುದಕ್ಕಿಂತ ದುರಸ್ತಿಗೆ ತಗಲುವಷ್ಟು ಮೊತ್ತವನ್ನು ಮಾತ್ರ ಉಳಿಸಿಕೊಳ್ಳುವುದು ಉಚಿತ. ಕೂಲಿಯವರ ಬಟವಾಡೆ ನಿಲ್ಲಬಾರದು.

ಇಂಥ ಮಾತುಕತೆಯಲ್ಲಿ ಸಾಮಾನ್ಯವಾಗಿ ಬರುವ ಪ್ರಸ್ತಾಪವೆಂದರೆ “ಮೇಲೆ ಅರ್ಧ ಇಂಚು ಗಾರೆ ಎಳೆದುಕೊಡುತ್ತೇನೆ” ಎಂಬುದು. ಇದನ್ನು ಒಪ್ಪಬೇಡಿ. ನುಣುಪಾದ ಹಳೆಯ ಮೇಲ್ಮೈಗೆ ತೆಳು ಗಾರೆ ಅಂಟುವುದಿಲ್ಲ. ಒಂದು ಬೇಸಿಗೆ ಕಳೆಯುವುದರೊಳಗೆ ಹಪ್ಪಳದಂತೆ ಏಳುತ್ತದೆ, ಹಣವೂ ಕೈಬಿಟ್ಟಿರುತ್ತದೆ.

ದುರಸ್ತಿ ಕ್ರಮಗಳು

ಮೇಲ್ಮೈ ಮಾತ್ರ ಪುಡಿಯಾಗುತ್ತಿದ್ದು ಒಳಭಾಗ ಗಟ್ಟಿಯಿದ್ದರೆ, ಸಡಿಲ ಪದರವನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆದು, ತೊಳೆದು ಒಣಗಿಸಿ, ಸೋಡಿಯಂ ಅಥವಾ ಲಿಥಿಯಂ ಸಿಲಿಕೇಟ್ ಆಧಾರಿತ ಗಟ್ಟಿಕಾರಕ ದ್ರಾವಣವನ್ನು ತಯಾರಕರ ಸೂಚನೆಯಂತೆ ಬಳಿಯಬಹುದು. ಆಹಾರ ಧಾನ್ಯ ತಾಗುವ ಜಾಗಕ್ಕೆ ಯೋಗ್ಯವೇ ಎಂಬುದನ್ನು ಡಬ್ಬದ ಮೇಲೆ ಓದಿಯೇ ಕೊಳ್ಳಿ. ಹಳೆಯ ಎಂಜಿನ್ ಆಯಿಲ್ ಬಳಿಯುವ ಪದ್ಧತಿ ಸರ್ವಥಾ ಕೂಡದು. ಸಗಣಿ ಸಾರಿಸುವುದು ಮಣ್ಣಿನ ಕಣಕ್ಕೆ ಸರಿ, ಕಾಂಕ್ರೀಟಿನ ದೌರ್ಬಲ್ಯಕ್ಕೆ ಅದು ಮದ್ದಲ್ಲ, ಮೇಲಾಗಿ ಧಾನ್ಯದ ಸ್ವಚ್ಛತೆಗೂ ಕುಂದು.

ಅಲುಗಾಡದ ಬಿರುಕನ್ನು ವಿ ಆಕಾರದಲ್ಲಿ ಅಗಲಿಸಿ, ಧೂಳು ತೆಗೆದು, ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆಯಿಂದ ತುಂಬಿಸಿ. ಚಳಿಗೆ ತೆರೆದುಕೊಂಡು ಬಿಸಿಲಿಗೆ ಮುಚ್ಚಿಕೊಳ್ಳುವ ಬಿರುಕಿಗೆ ಗಟ್ಟಿ ಗಾರೆ ನಿಲ್ಲದು, ಹಿಗ್ಗುವ ಗುಣದ ಸೀಲೆಂಟ್ ಬೇಕು. ಸಂದೇ ಇಲ್ಲದ ಕಣಕ್ಕೆ ಈಗ ಯಂತ್ರದಿಂದ ಸಂದು ಕೊರೆಸಿದರೆ ಆಗಲೇ ಬಂದ ಬಿರುಕು ಹೋಗದು. ಮುಂದೆ ಬರಬಹುದಾದದ್ದು ಸ್ವಲ್ಪ ಕಡಿಮೆಯಾದೀತು, ಅಷ್ಟೆ.

ತಗ್ಗುಗಳು ಒಂದೆರಡೇ ಇದ್ದರೆ ಆ ಭಾಗವನ್ನು ಚಚ್ಚೌಕವಾಗಿ ಕತ್ತರಿಸಿ ಪೂರ್ಣ ದಪ್ಪಕ್ಕೆ ಹೊಸದಾಗಿ ಹಾಕಿಸುವುದು ತೇಪೆ ಹಚ್ಚುವುದಕ್ಕಿಂತ ಬಾಳಿಕೆ ಬರುತ್ತದೆ. ಇಡೀ ಕಣದ ಮೇಲ್ಪದರವೇ ಕೆಟ್ಟಿದ್ದು ಬುಡ ಗಟ್ಟಿಯಿದ್ದರೆ, ಹಳೆಯ ಮೇಲ್ಮೈಯನ್ನು ಕೆತ್ತಿ ಒರಟುಗೊಳಿಸಿ, ತೊಳೆದು, ಕನಿಷ್ಠ 50 ಮಿ.ಮೀ. ದಪ್ಪದ ಹೊಸ ಕಾಂಕ್ರೀಟ್ ಹಾಕಬೇಕು. ಕೆಳಗಿನ ಸಂದು ಎಲ್ಲಿದೆಯೋ ಮೇಲಿನ ಸಂದೂ ಅಲ್ಲಿಯೇ ಬರಬೇಕು, ತಪ್ಪಿದರೆ ಹಳೆಯ ಗೆರೆ ಹೊಸದರಲ್ಲೂ ಮೂಡುತ್ತದೆ. ಅಡಿಯ ನೆಲ ಕುಸಿದಿದ್ದರೆ, ದಪ್ಪ ಅರ್ಧಕ್ಕರ್ಧ ಕಡಿಮೆಯಿದ್ದರೆ ಅಥವಾ ಇಳಿಜಾರು ಉಗ್ರಾಣದ ಕಡೆಗೇ ಇದ್ದರೆ ದುರಸ್ತಿಯ ಮಾತು ಬಿಡಿ. ಒಡೆದು ತೆಗೆದು ಮತ್ತೆ ಹಾಕುವುದೇ ದಾರಿ. ಒಡೆದ ಚಪ್ಪಡಿಗಳು ಹೊಲದ ದಾರಿಗೆ ಹಾಸಲು ಬರುತ್ತವೆ.

ಮಾತುಕತೆ ಫಲಿಸದಿದ್ದಲ್ಲಿ

ಸಹಾಯಧನದ ಅಥವಾ ಪಂಚಾಯಿತಿಯ ಕಾಮಗಾರಿಯಾಗಿದ್ದರೆ ಅಂತಿಮ ಬಿಲ್ಲಿಗೆ ಮುನ್ನವೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಮತ್ತು ಅಳತೆ ಪುಸ್ತಕ ಬರೆಯುವ ಎಂಜಿನಿಯರಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಿರಿ. ಪುಸ್ತಕದಲ್ಲಿ ನಮೂದಾದ ದಪ್ಪದ ನಕಲನ್ನು ಮಾಹಿತಿ ಹಕ್ಕಿನಡಿ ಕೇಳಬಹುದು. ಖಾಸಗಿ ಗುತ್ತಿಗೆಯಾಗಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಸೇವಾ ನ್ಯೂನತೆಗಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಲು ಅವಕಾಶವಿದೆ. ದೂರಿಗೆ ಕಾರಣ ಉಂಟಾದ ಎರಡು ವರ್ಷದೊಳಗೆ ಸಲ್ಲಿಸಬೇಕು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದಲ್ಲಿ ಶುಲ್ಕವಿಲ್ಲ. ವಾಣಿಜ್ಯ ಉದ್ದೇಶದ ಕೆಲಸ ಈ ಕಾಯ್ದೆಯ ವ್ಯಾಪ್ತಿಗೆ ಬಾರದಿದ್ದರೂ, ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಪಡೆದ ಸೇವೆಯನ್ನು ಹೊರಗಿಟ್ಟಿಲ್ಲ. ಕಣ ತಮ್ಮ ಬೇಸಾಯಕ್ಕೇ ಎಂಬುದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ಮೊದಲ ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಪಾವತಿ ರಸೀದಿ, ಚೀಲಗಳ ಚಿತ್ರ, ನೀರು ಬಿಟ್ಟ ಪರೀಕ್ಷೆಯ ಚಿತ್ರ, ದೋಷಪಟ್ಟಿಯ ಪ್ರತಿ ಇವು ಜೊತೆಗಿರಲಿ.

ವಿಸ್ತರಣಾ ಕಾರ್ಯಕರ್ತರು ಇಂಥ ಕಣಕ್ಕೆ ಭೇಟಿ ನೀಡಿದಾಗ ತಗ್ಗುಗಳ ನಕ್ಷೆಯೊಂದನ್ನು ಕೈಯಲ್ಲೇ ಬರೆದು, ದಿನಾಂಕದೊಂದಿಗೆ ಸಹಿ ಮಾಡಿ ರೈತರಿಗೆ ಕೊಡುವುದು ಉಪಯುಕ್ತ.

ಈ ಹಂಗಾಮಿಗೆ ತಾತ್ಕಾಲಿಕ ವ್ಯವಸ್ಥೆ

ವ್ಯಾಜ್ಯ ಮುಗಿಯುವವರೆಗೆ ಬೆಳೆ ಕಾಯುವುದಿಲ್ಲ. ಪುಡಿಯಾಗುವ ಕಣದ ಮೇಲೆ ದಪ್ಪ ಟಾರ್ಪಾಲಿನ್ ಹಾಸಿಯೇ ಧಾನ್ಯ ಹರಡಿ. ನೀರು ನಿಲ್ಲುವ ಜಾಗಗಳನ್ನು ಸುಣ್ಣದ ಗೆರೆಯಿಂದ ಗುರುತಿಸಿ ಅಲ್ಲಿ ಹರಡಬೇಡಿ. ಕಾಳಿನ ಪದರ ತೆಳುವಾಗಿರಲಿ, ದಿನಕ್ಕೆ ನಾಲ್ಕೈದು ಬಾರಿ ಕೈಯಾಡಿಸಿ. ಸಂಜೆ ರಾಶಿ ಮಾಡಿ ಹೊದಿಸುವಾಗ ಕಣದ ಎತ್ತರದ ಭಾಗವನ್ನೇ ಆರಿಸಿಕೊಳ್ಳಿ. ಬಿರುಕುಗಳಲ್ಲಿ ಸೇರಿದ ಕಾಳನ್ನು ಪ್ರತಿ ಬೆಳೆಯ ನಂತರ ಗಟ್ಟಿ ಕಡ್ಡಿಪೊರಕೆಯಿಂದ ಕಿತ್ತು ತೆಗೆದು ಸುಡಿ. ಬೀಜಕ್ಕೆಂದು ತೆಗೆದ ಫಸಲನ್ನು ಮಾತ್ರ ಈ ವರ್ಷ ಆ ಕಣಕ್ಕೆ ಇಳಿಸಬೇಡಿ.